ಕಣ್ಣಂಚಿನ ಕತ್ತಲು

ಮೊದಲ ದಿನವೇ ಅವಳು ತನಗೆ ಅವಮಾನ ಮಾಡಿದಳು ಎಂದುಕೊಂಡ ಸೋರೆನ್.

ಕಾರು ಓಡಿಸುವ ಪಾಠ ಹೇಳಲು ಬಂದವನು ಅಕ್ಕ ಕರ್ಸ್ಟನ್‌ಳ ಮನೆ ಮುಂದೆ ಕಾಫಿ ಲೋಟ ಚಾಚಿ ನಿಂತಿದ್ದ. ಅಕ್ಕನ ಮಗು ಮೇಬಲ್‌ಳನ್ನು ನೋಡಿಕೊಳ್ಳಲು ಒಂದು ವರ್ಷದ ಮಟ್ಟಿಗೆ ಕೊಲಂಬಿಯಾದಿಂದ ಬಂದಿದ್ದ ಯಾದಿರಾ, ಅವನ ಕೈಗೆ ಭುಜ ತಾಗುವಷ್ಟು ಹತ್ತಿರದಲ್ಲಿ ಹಾದು ನೇರ ಕಾರಿನತ್ತ ನಡೆದುಬಿಟ್ಟಳು.

"ಬೇಡವಾಗಿರೋದು ಕಾಫೀನಾ, ಕೊಡ್ತಿರೋನಾ?"

ಅವಳು ಬೆಚ್ಚಿ ತಿರುಗಿದಳು. "ಅಯ್ಯೋ ಮೇಷ್ಟ್ರೇ, ನಿಮ್ಮನ್ನ ನೋಡ್ಲೇ ಇಲ್ಲ!"

"ಆರಡಿ ಮೂರಿಂಚು ಇದ್ದೀನಿ ರೀ."

"ನಮ್ಮೂರಲ್ಲಿ ಅಷ್ಟುದ್ದ ಇರೋದು ಲೈಟ್ ಕಂಬ ಮಾತ್ರ. ಕಂಬಕ್ಕೆ ಯಾರು ನಮಸ್ಕಾರ ಹೇಳ್ತಾರೆ?"

ಅವನಿಗೆ ನಗು ಬಂತು. ಸಿಟ್ಟು ಅಲ್ಲಿಗೇ ಕರಗಿತು.

ಕರ್ಸ್ಟನ್ ಅಮೆರಿಕದ ಡುಲೂತ್ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್. ಸೂರ್ಯ ಹುಟ್ಟುವ ಮೊದಲೇ ಸಹೋದ್ಯೋಗಿಯ ಗಾಡಿಯಲ್ಲಿ ಹೊರಡಬೇಕು. ಆರು ವರ್ಷದ ಮೇಬಲ್‌ಳನ್ನು ಸರೋವರದ ದಡದ ಹನ್ನೆರಡು ಮೈಲಿ ದಾರಿಯಲ್ಲಿ ಶಾಲೆಗೆ ಕರೆದೊಯ್ಯುವ ಕೆಲಸ ಇನ್ನು ಯಾದಿರಾಳದಾಗಬೇಕಿತ್ತು. ಆ ದಾರಿಯ ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು. ಚಳಿಗಾಲ ಬರುವುದರೊಳಗೆ ಅವಳ ಕೈ ಪಳಗಿಸುತ್ತೇನೆಂದು ಸೋರೆನ್ ಒಪ್ಪಿಕೊಂಡಿದ್ದ. ಏಳು ವರ್ಷದಿಂದ ಅವನು ಬೇರೊಂದು ಶಾಲೆಯ ಬಸ್ಸು ಓಡಿಸುವವನು. ಮಕ್ಕಳನ್ನು ಹೊತ್ತ ಗಾಡಿ ಎಂದರೆ ಅವನಿಗೆ ತಮಾಷೆಯಲ್ಲ.

ಅಕ್ಟೋಬರ್ ಪೂರ್ತಿ ನಡುಮಧ್ಯಾಹ್ನದ ಪಾಠ. ಶಾಲೆಯ ಖಾಲಿ ಮೈದಾನ, ಆಮೇಲೆ ಪೇಟೆಯ ರಸ್ತೆ. ಅವಳ ಕೈ ಹದವಾಗಿತ್ತು. ಬ್ರೇಕ್ ಒತ್ತಿದರೆ ಲೋಟದ ಕಾಫಿ ತುಳುಕುತ್ತಿರಲಿಲ್ಲ.

ಅವನು ರಸ್ತೆ ನೋಡುವುದನ್ನು ಬಿಟ್ಟು ಅವಳನ್ನು ನೋಡತೊಡಗಿದ್ದು ಯಾವಾಗಲೋ. ಓರೆನೋಟವೇ ಗೊತ್ತಿಲ್ಲದ ಹುಡುಗಿ. ನೋಡಬೇಕೆನಿಸಿದರೆ ಕಾರು ನಿಲ್ಲಿಸಿ, ಮುಖವನ್ನು ಪೂರ್ತಿ ಅವನತ್ತ ತಿರುಗಿಸಿ ನೋಡುವಳು. ಆ ಎರಡು ಕಣ್ಣು ತನ್ನ ಮೇಲೆ ನೆಟ್ಟಾಗ ಸೋರೆನ್‌ಗೆ ಹೇಳಬೇಕಾದ ಪಾಠವೆಲ್ಲ ಮರೆತುಹೋಗುತ್ತಿತ್ತು.

"ಮೇಷ್ಟ್ರು ಕೆಂಪಗಾದ್ರು."

"ಚಳಿ."

"ಹೀಟರ್ ಹಾಕಿದೆಯಲ್ಲ?"

ಆದರೂ ಏನೋ ಸರಿಯಿರಲಿಲ್ಲ. ಒಮ್ಮೆ ರಸ್ತೆಬದಿಯ ಅಂಚೆ ಡಬ್ಬಿಗೆ ಕಾರಿನ ಕನ್ನಡಿ ಉಜ್ಜಿತು. ಒಮ್ಮೆ ಪಕ್ಕದ ಓಣಿಯಿಂದ ಬಂದ ಸೈಕಲ್ಲಿಗೆ ಅವನೇ ಕೂಗಿ ಕಾರು ನಿಲ್ಲಿಸಬೇಕಾಯಿತು. ಅವಳು ಪ್ರತಿಸಲವೂ ನಕ್ಕು ತೇಲಿಸಿಬಿಡುವಳು. ಆ ನಗು ಬರಲು ಒಂದು ಕ್ಷಣ ತಡವಾಗುತ್ತಿತ್ತು. ಅದನ್ನು ಕಂಡೂ ಅವನು ಕಾಣದವನಂತಿದ್ದ.

ನವೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು ಇಳಿಯತೊಡಗಿತು. "ಮಬ್ಬಲ್ಲೂ ಓಡಿಸೋಕೆ ಬರ್ಬೇಕು" ಎಂದ ಸೋರೆನ್. ಅವಳು ಒಂದು ದಿನ ತಲೆನೋವು ಎಂದಳು. ಮರುದಿನ ಮೇಬಲ್‌ಗೆ ಕೆಮ್ಮು ಎಂದಳು. ಕೊನೆಗೆ ಕರ್ಸ್ಟನ್ನೇ ಹೇಳಿದಳು: "ಸೋಮವಾರದಿಂದ ಮೇಬಲ್‌ನ ಅವಳೇ ಕರ್ಕೊಂಡ್ ಹೋಗ್ಲಿ ಕಣೋ. ಭಾನುವಾರ ಒಂದ್ಸಲ ಸಂಜೆ ಓಡಿಸಿ ನೋಡ್ಬಿಡು."

ಭಾನುವಾರ ಸಂಜೆ ತೆಳ್ಳಗೆ ಹಿಮ ಬೀಳುತ್ತಿತ್ತು. ಸರೋವರ ಸೀಸದ ಬಣ್ಣಕ್ಕೆ ತಿರುಗಿತ್ತು. ಯಾದಿರಾ ಮುಂದಿನ ಗಾಜಿನತ್ತ ಬಾಗಿ ಓಡಿಸುತ್ತಿದ್ದಳು. ಸ್ಟೇರಿಂಗ್ ಹಿಡಿದ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ತಿರುವಿನ ಬಲಬದಿಯಲ್ಲಿ ಒಬ್ಬ ಮುದುಕ, ಜೊತೆಗೊಂದು ನಾಯಿ. ಸೋರೆನ್‌ಗೆ ದೂರದಿಂದಲೇ ಕಂಡರು. ಅವಳು ವೇಗ ತಗ್ಗಿಸುತ್ತಾಳೆಂದು ಕಾದ. ಅವಳು ತಗ್ಗಿಸಲಿಲ್ಲ.

"ಯಾದಿರಾ. ಯಾದಿರಾ!"

ಅವನು ಹ್ಯಾಂಡ್‌ಬ್ರೇಕ್ ಎಳೆದ. ಕಾರು ಹಿಮದಲ್ಲಿ ಜಾರಿ ಅಡ್ಡವಾಗಿ ನಿಂತಿತು. ಮುದುಕ ಕಿಟಕಿಗೆ ಗುದ್ದಿ ಬೈದ; ನಾಯಿಯನ್ನು ಎಳೆದುಕೊಂಡು ಹೊರಟುಹೋದ.

ಅವಳು ಅತ್ತಿತ್ತ ತಲೆ ತಿರುಗಿಸಿ ಹುಡುಕಿದಳು. "ಯಾರದು? ಎಲ್ಲಿಂದ ಬಂದ್ರು?"

ಸೋರೆನ್‌ಗೆ ಆಗ ಹೊಳೆಯಿತು. ಮುಟ್ಟದೆ ಬಿಟ್ಟ ಕಾಫಿ, ಅಂಚೆ ಡಬ್ಬಿ, ತಾನು ಮರುಳಾದ ಆ ನೇರ ನೋಟ. ಅವಳ ಮುಖದ ಪಕ್ಕ ಮೆಲ್ಲಗೆ ಕೈಯಾಡಿಸಿದ. ರೆಪ್ಪೆ ಅಲುಗಲಿಲ್ಲ.

"ಎಷ್ಟು ದಿನದಿಂದ?"

ಅವಳು ಸ್ಟೇರಿಂಗಿನಿಂದ ಕೈ ತೆಗೆದಳು. "ಎರಡು ವರ್ಷ. ಅಮ್ಮಂಗೂ ಹಿಂಗೇ ಶುರುವಾಗಿತ್ತು. ಮೊದ್ಲು ಕತ್ತಲಲ್ಲಿ, ಆಮೇಲೆ ಅಂಚಿಂದ. ನಲವತ್ತಕ್ಕೆ ಪೂರ್ತಿ ಹೋಯ್ತು. ಅದಕ್ಕೆ ಮೊದ್ಲು ಪ್ರಪಂಚ ನೋಡೋಣ ಅಂತ ಬಂದೆ." ಮುಖ ತಿರುಗಿಸಿ ಅವನನ್ನೇ ನೋಡಿದಳು. "ಇಷ್ಟೊಂದು ನೋಡ್ತೀನಿ ಅಂತ ಗೊತ್ತಿರ್ಲಿಲ್ಲ."

ಸೋರೆನ್ ಕಾರಿನೊಳಗಿನ ದೀಪ ಹಾಕಿದ.

"ನೀನು ಹೇಳಿದ್ರೆ ನನ್ನ ವಾಪಸ್ ಕಳಿಸ್ತಾರೆ ಸೋರೆನ್. ಹೇಳ್ಬೇಡ. ಬೆಳಕಲ್ಲಿ ಮಾತ್ರ ಓಡಿಸ್ತೀನಿ. ಹುಷಾರಾಗಿರ್ತೀನಿ."

ಅವಳು 'ನೀನು' ಎಂದದ್ದು ಅದೇ ಮೊದಲು. ಸುಮ್ಮನಿದ್ದರೆ ವರ್ಷ ತುಂಬುವವರೆಗೂ ಅವಳು ಇಲ್ಲೇ ಇರುತ್ತಾಳೆ. ಸುಮ್ಮನಿರಲು ಎಷ್ಟು ಆಸೆಯಾಯಿತೆಂದರೆ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

"ಹಿಂದಿನ ಸೀಟಲ್ಲಿ ಮೇಬಲ್ ಇರ್ತಾಳೆ" ಎಂದ.

ಯಾದಿರಾ ಅತ್ತಳು. ಕೀಲಿ ತೆಗೆದು ಅವನ ಅಂಗೈಗಿಟ್ಟಳು. "ನೀನು ಹೇಳ್ಬೇಡ. ನಾನೇ ಹೇಳ್ತೀನಿ."

ಅವಳನ್ನು ಮನೆ ಬಾಗಿಲಿಗೆ ಬಿಟ್ಟು, ಕೀಲಿಯನ್ನು ಕದದ ಹಿಂದಿನ ಮೊಳೆಗೆ ನೇತುಹಾಕಿ ಹೊರಟ. ಅವಳ ಮಾತನ್ನು ನಂಬಬೇಕೆಂದು ಅವನ ಹಟ.

ಬೆಳಗಿನವರೆಗೂ ಅಕ್ಕನ ಫೋನು ಬರಲಿಲ್ಲ.

ಏಳು ಗಂಟೆಗೆ, ಬಸ್ಸಿಗೆ ಹೋಗಬೇಕಾದವನು ಆ ಮನೆಯ ಮುಂದಿದ್ದ. ಕಾರಿರಲಿಲ್ಲ. ಹೊಸ ಹಿಮದ ಮೇಲೆ ಎರಡು ಸಾಲು ಚಕ್ರದ ಗುರುತುಗಳು ಸರೋವರದ ದಾರಿಗೆ ತಿರುಗಿದ್ದವು. ನಂಬಿ ಕೆಟ್ಟೆ, ಮಗುವನ್ನೂ ಅಪಾಯಕ್ಕೆ ಒಡ್ಡಿದೆ ಎಂದುಕೊಂಡು ಬಾಗಿಲು ನೂಕಿದ.

ಯಾದಿರಾ ಅಡುಗೆಮನೆಯಲ್ಲಿ ಕೂತಿದ್ದಳು.

"ಕರ್ಸ್ಟನ್ ಕೆಲಸಕ್ಕೆ ರಜ ಹಾಕಿ ತಾನೇ ಕರ್ಕೊಂಡು ಹೋದ್ಲು" ಎಂದಳು. "ರಾತ್ರಿ ಎಲ್ಲಾ ಹೇಳಿದೆ. ಮೊದ್ಲು ಕೂಗಾಡಿದ್ಲು, ಆಮೇಲೆ ತಬ್ಕೊಂಡ್ಲು. ಎರಡು ವಾರ ಇರಬಹುದಂತೆ. ಕಾರು ಓಡಿಸೋರೇ ಬೇಕಲ್ಲ ಅವಳಿಗೆ."

ಸೋರೆನ್ ಕುರ್ಚಿ ಎಳೆದು ಅವಳ ಪಕ್ಕ ಕೂತ. ಆಮೇಲೆ ಎದ್ದು ಕುರ್ಚಿಯನ್ನು ಅವಳಿಗೆ ನೇರ ಎದುರಾಗಿ ಹಾಕಿಕೊಂಡ.

"ಜೂನ್ ಎಂಟಕ್ಕೆ ಶಾಲೆ ಮುಗಿಯುತ್ತೆ. ಒಂಬತ್ತಕ್ಕೆ ನಿಮ್ಮೂರಲ್ಲಿರ್ತೀನಿ."

"ಅಷ್ಟೊತ್ತಿಗೆ ನಂಗೆ ಎಷ್ಟು ಕಾಣುತ್ತೋ..."

"ನಿನ್ನ ಕಣ್ಣಿಗೆ ಪರೀಕ್ಷೆ ಇಡೋಕೆ ಬರ್ತಿಲ್ಲ ಮಾರಾಯ್ತಿ. ನಿನ್ನ ಬಿಟ್ಟಿರೋಕೆ ಆಗಲ್ಲ, ಅದಕ್ಕೆ ಬರ್ತೀನಿ."

ಅವಳು ನಗಲಿಲ್ಲ. ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಹಣೆ, ಹುಬ್ಬು, ಗದ್ದ ಒಂದೊಂದನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಅದೇ ದಾರಿಯಲ್ಲಿ ಬೆರಳು ನಡೆಸಿದಳು.

ಅಂದು ಶಾಲೆಯ ಬಸ್ಸು ಏಳು ವರ್ಷದಲ್ಲಿ ಮೊದಲ ಬಾರಿಗೆ ತಡವಾಯಿತು.