ಎಡೆಯ ಮುಂದಿನ ಸುರುಳಿ

ರಾಜಾತಿ ಧರ್ಮಪುರಿಯ ನಮ್ಮ ಮನೆಗೆ ಬಂದಾಗ ಅವಳ ಸೆರಗಿನ ಗಂಟಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಅದನ್ನು ಹನುಮಂತರಾಯಪ್ಪನವರ ಮುಂದಿಟ್ಟು ಮುಚ್ಚಳ ತೆಗೆದಳು. ಒಳಗೆ ಬೂದಿ.

"ನಮ್ಮತ್ತೆ ಅನ್ನ ಬಿಟ್ಟವ್ರೆ ಸಾರ್. ಸತ್ತೋದ ಅವ್ವ ನಂಗೆ ಮುಖ ತೋರ್ಸಾಕಿಲ್ಲ ಅಂದ್ಬುಟ್ಲು ಅಂತ ಗೋಡೆ ಕಡೆ ತಿರುಗಿ ಮಲಗವ್ರೆ. ಇದನ್ನ ಮಾಡಿದ್ದು ಯಾರೋ ಮನುಷ್ಯರು ಅಂತ ಗೊತ್ತಾದ್ರೆ ಸಾಕು. ಇಲ್ದಿದ್ರೆ ಆ ಜೀವ ಉಳಿಯಾಕಿಲ್ಲ."

ಹನುಮಂತರಾಯಪ್ಪನವರು ಸೇಲಂನ ವಿಮಾ ಕಂಪನಿಯೊಂದರಲ್ಲಿ ಬೆಂಕಿ ಅಪಘಾತಗಳ ತನಿಖೆ ಮಾಡಿ ನಿವೃತ್ತರಾದವರು. ಬಿ.ಎ. ಮುಗಿಸಿ ಕೆಲಸವಿಲ್ಲದೆ ಅವರ ಮನೆಯ ಕೋಣೆಯಲ್ಲಿ ಬಾಡಿಗೆಗಿದ್ದ ನಾನು ಅವರ ಜೊತೆ ತಿರುಗುತ್ತಿದ್ದೆ. ಅದು ಎಪ್ಪತ್ತನಾಲ್ಕನೇ ಇಸವಿ, ಮಹಾಲಯ ಅಮಾವಾಸ್ಯೆಯ ಮರುದಿನ.

ರಾಜಾತಿ ಹೇಳಿದ್ದು ಇಷ್ಟು. ಅತ್ತೆ ಕಾಳಿಯಮ್ಮ ಕೂಸಾಗಿದ್ದಾಗ ಮದರಾಸಿನ ಸಿನಿಮಾ ಕಂಪನಿಯೊಂದು ಕೃಷ್ಣನ ಮೂಕಿ ಚಿತ್ರ ತೆಗೆಯಲು ಕಾವೇರಿ ದಡಕ್ಕೆ ಬಂದಿತ್ತು. ಇವರ ಕುರಿಮಂದೆಯನ್ನು ಬಾಡಿಗೆಗೆ ಹಿಡಿದವರು, ಮಂದೆಯ ಹಿಂದೆ ಬಂದಿದ್ದ ಕಾಳಿಯಮ್ಮನ ತಾಯಿಯ ಕೈಗೂ ಒಂದು ಬೆಣ್ಣೆಯ ಗಡಿಗೆ ಕೊಟ್ಟು ಕೃಷ್ಣನ ಎದುರು ನಿಲ್ಲಿಸಿದರು. ಮರುವರ್ಷ ಆಕೆ ಜ್ವರದಲ್ಲಿ ತೀರಿಕೊಂಡಳು. ಫೋಟೊ ಇಲ್ಲ, ಮಗಳಿಗೆ ಮುಖದ ನೆನಪಿಲ್ಲ. ಈಗ ಕಾಳಿಯಮ್ಮನ ಕಣ್ಣಿನ ನರ ಒಣಗುತ್ತಿತ್ತು. ದೀಪಾವಳಿಯಾಚೆ ನೋಟ ಉಳಿಯುವುದು ಅನುಮಾನವೆಂದು ಡಾಕ್ಟರು ಹೇಳಿದ್ದರು. ಸೇಲಂ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮಗ ಕುಪ್ಪಸ್ವಾಮಿ, ರಾಜಾತಿಯ ಗಂಡ, ಆ ಚಿತ್ರವನ್ನು ಮನೆಯಲ್ಲೇ ನೋಡಲೆಂದು ಮಾಡಿದ ಸಣ್ಣ ಪ್ರತಿ ಬೊಂಬಾಯಿಯ ಅಂಗಡಿಯಲ್ಲಿ ಸಿಗುತ್ತದೆಂದು ತಿಳಿದು ತರಿಸಿದ.

ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಟ್ಟರು. ಹೊಸ ಸೀರೆಯ ಮೇಲೆ ಕುಪ್ಪಸ್ವಾಮಿಯೇ ಸೇಲಂನಿಂದ ತಂದಿಟ್ಟ ಡಬ್ಬಿ, ಪಕ್ಕದಲ್ಲಿ ದೀಪ, ಎಲೆಯಲ್ಲಿ ಅನ್ನ ಪಾಯಸ. ಸತ್ತವರಿಗೆಂದು ತಂದದ್ದನ್ನು ಎಡೆಗೆ ಮೊದಲು ಯಾರೂ ಬಿಚ್ಚುವಂತಿಲ್ಲ. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತರು. ಆಮೇಲೆ ಒಳಹೋಗಿ ಡಬ್ಬಿ ತೆರೆದರೆ ಬೂದಿ.

"ಬಾಗಿಲು ತೆಗೆದಾಗ ಏನು ವಾಸನೆ ಇತ್ತು?" ಹನುಮಂತರಾಯಪ್ಪನವರು ಕೇಳಿದರು.

"ಸಾಂಬ್ರಾಣಿ. ಪಾಯಸ. ಇನ್ನೇನು ಸಾರ್?"

ಅವರು ಬೂದಿಯನ್ನು ಬೆರಳಿಗೆ ಹಚ್ಚಿ ಊದಿದರು. ಹಗುರ ಚೂರುಗಳು ಹಾರಿದವು. ಡಬ್ಬಿಯ ಒಳಗಿನ ತಗಡು ಕನ್ನಡಿಯಂತೆ ಹೊಳೆಯುತ್ತಿತ್ತು.

ನಾವು ಬಸ್ಸು ಹಿಡಿದು ಮಾರಂಡಹಳ್ಳಿಗೆ ಹೋದೆವು. ಎಡೆ ಇಟ್ಟ ಕೋಣೆಯನ್ನು ಯಾರೂ ಮುಟ್ಟಿರಲಿಲ್ಲ. ಎಲೆ ಬಾಡಿತ್ತು. ಡಬ್ಬಿ ಇಟ್ಟಿದ್ದ ಸೀರೆಯ ಮೇಲೆ ಒಂದು ದುಂಡನೆಯ ಗುರುತು, ಅಷ್ಟೆ. ಬಟ್ಟೆಯ ಹೊಸ ಗಂಜಿ ಕೂಡ ಮಾಸಿರಲಿಲ್ಲ. ಆ ಕೋಣೆಯಲ್ಲಿ ನಿಂತಾಗ ಯಾರೋ ಈಗತಾನೆ ಎದ್ದುಹೋದಂತಿತ್ತು. ಬಾರದೆ ಹೋದವರು ಬಿಟ್ಟ ಜಾಗವೂ ಹೀಗೇ ಇರುತ್ತದೇನೋ ಎಂದುಕೊಂಡೆ. ಗೋಡೆಯಾಚೆ ಕಾಳಿಯಮ್ಮನ ಉಸಿರು ಕೇಳುತ್ತಿತ್ತು.

ಜಗಲಿಯಲ್ಲಿ ಆಕೆಯ ಮೈದುನ ನಾರಪ್ಪ ಸಿಡುಕುತ್ತಿದ್ದ. "ಎಲ್ಲಾರೂ ನನ್ನೇ ನೋಡ್ತಾ ಅವ್ರೆ! ಹಿರೀಕರ ಜೊತೆ ಸೇರಿದೋಳ ಮುಖಾನ ಬಟ್ಟೆ ಮೇಲೆ ಕುಣಿಸ್ಬೇಡ್ರಲಾ ಅಂದೆ. ಆಮಾ, ಹೌದು, ಅಂದೆ. ಅದಕ್ಕೇ ಎಡೆ ಮುಗಿಯಗಂಟ ಒಳಗೆ ಕಾಲೇ ಇಡ್ಲಿಲ್ಲ. ಪಿಲಿಮು ಅಂದ್ರೆ ಕರ್ಪೂರ ಇದ್ದಂಗೆ. ನಾನು ಹುಡ್ಗ ಆಗಿದ್ದಾಗ ಒಂದು ಸಿನಿಮಾ ಟೆಂಟೇ ಹತ್ಕೊಂಡು ಓಯ್ತು. ದೀಪದ ಕಾವಿಗೆ ಹತ್ತೈತೆ, ಅಷ್ಟೇ."

"ಅಜ್ಜಿ ಕೋಪ ಮಾಡ್ಕೊಂಡ್ಲು ಅಂತಾವ್ರೆ ಜನ," ಎಂದ ಕುಪ್ಪಸ್ವಾಮಿ ತಲೆ ಎತ್ತದೆ.

"ಜನ ಏನ್ ಬೇಕಾದ್ರೂ ಅಂತಾರೆ. ನಿಂಗೆ ಬುದ್ಧಿ ಬೇಡ್ವಾ?"

ಸೇಲಂನಿಂದ ಬಾಡಿಗೆ ಪ್ರೊಜೆಕ್ಟರ್ ತಂದಿದ್ದ ಪೊನ್ನುಸ್ವಾಮಿ ಮೂಲೆಯಲ್ಲಿ ಬೀಡಿ ಹಚ್ಚಿದ್ದ. ಎಡೆ ಮುಗಿದ ಮೇಲಿನ ಬಸ್ಸಿಗೆ ಬಂದಿಳಿದವನು ಆತ. ಮಿಷಿನ್ನು ಸರಿಯಿದೆಯೇ ಎಂದು ಹನುಮಂತರಾಯಪ್ಪನವರು ವಿಚಾರಿಸಿದರು.

"ಪಕ್ಕಾ ಇರುಕ್ಕು ಸಾರ್. ಓದ ವಾರ ಕುಪ್ಪಸ್ವಾಮಿ ತಗೊಂಡೋಗಿ ವಾಪಸ್ ಕೊಟ್ಟಾಗ ಕೂಡ ಬಲ್ಬು ಚೆಂದಾಗೇ ಉರೀತಿತ್ತು. ಇದು ಮನೆ ಪಡಮ್ ಸಾರ್, ಮನೇಲಿ ನೋಡೋ ಸಿನಿಮಾ, ಅಂಗೈಯಗಲದ ಒಂದೇ ಸುರುಳಿ. ತಿಯೇಟರಿಗೆ ಬಂದಿದ್ದು ಆರು ದೊಡ್ಡ ಸುರುಳಿ ಅಂತೆ."

ಹನುಮಂತರಾಯಪ್ಪನವರು ಕಾಳಿಯಮ್ಮನನ್ನು ಕರೆತರಲು ಹೇಳಿದರು. ರಾಜಾತಿಯ ಹೆಗಲು ಹಿಡಿದು ಬಂದು ಆಕೆ ಕಂಬಕ್ಕೆ ಒರಗಿದಳು. ತುಟಿ ಒಣಗಿ ಬಿಳಿಚಿತ್ತು.

"ತಾಯಿ, ನಿಮ್ಮವ್ವ ನಿಮ್ಮ ಮೇಲೆ ಮುನಿದಿಲ್ಲ. ಆ ಡಬ್ಬಿಯಲ್ಲಿ ಏನೂ ಸುಟ್ಟೇ ಇಲ್ಲ."

ಪೊನ್ನುಸ್ವಾಮಿಯ ಹತ್ತಿರವಿದ್ದ ಅದೇ ಬಗೆಯ ತುಂಡು ಫಿಲಮೊಂದನ್ನು ಈಸಿಕೊಂಡು ಕಡ್ಡಿ ಗೀರಿ ಹಿಡಿದರು. ಅದು ಭಗ್ಗೆನ್ನಲಿಲ್ಲ. ಮುದುಡಿತು, ಕರಗಿತು, ಕಪ್ಪು ಹನಿಯಾಗಿ ನೆಲಕ್ಕೆ ಬಿದ್ದು ಆರಿತು. ಮೂಗು ಮುಚ್ಚಿಕೊಳ್ಳುವಂಥ ನಾತ ಜಗಲಿಯೆಲ್ಲ ಹರಡಿತು.

"ನಾರಪ್ಪ ಹೇಳಿದ ಬೆಂಕಿ ಹಳೇ ಟೆಂಟಿನದು. ಮನೆಯಲ್ಲಿ ಓಡಿಸುವ ಫಿಲಮನ್ನು ಹಾಗೆ ಹತ್ತಿಕೊಳ್ಳದಂತೆ ಮಾಡಿರುತ್ತಾರೆ. ಇದು ಸುಟ್ಟಿದ್ದರೆ ಕಪ್ಪು ಗಟ್ಟಿ ಉಳಿಯಬೇಕಿತ್ತು. ಉಳಿದದ್ದು ಕಾಗದದ ಬೂದಿ. ಈ ನಾತ ಬರಬೇಕಿತ್ತು, ಬಂದದ್ದು ಸಾಂಬ್ರಾಣಿ. ತಗಡಿಗೆ ಮಸಿಯಿಲ್ಲ, ಸೀರೆಗೆ ಕಾವು ತಾಗಿಲ್ಲ. ಅಂದರೆ ಬೂದಿ ಮೊದಲೇ ತುಂಬಿತ್ತು. ಎಡೆಗೆ ಮೊದಲು ಯಾರೂ ಡಬ್ಬಿ ತೆರೆಯುವುದಿಲ್ಲವೆಂದು ಗೊತ್ತಿದ್ದವರು ತುಂಬಿದರು."

"ಯಾರು?" ನಾರಪ್ಪ ಎದ್ದು ನಿಂತ.

"ನೀನಂತೂ ಅಲ್ಲ. ಹಗೆಯಿದ್ದವನು ಡಬ್ಬಿಯನ್ನೇ ಬಿಸಾಕುತ್ತಿದ್ದ. ಪೊನ್ನುಸ್ವಾಮಿ ಬಂದದ್ದೇ ಆಮೇಲೆ. ಡಬ್ಬಿಯನ್ನು ಸೇಲಂನಿಂದ ತಂದು ಸೀರೆಯ ಮೇಲಿಟ್ಟ ಕೈ ಒಂದೇ. ಕುಪ್ಪಸ್ವಾಮಿ, ಹೋದ ವಾರ ಮಿಷಿನ್ನು ಯಾಕೆ ಒಯ್ದಿದ್ದೆ?"

ರಾಜಾತಿ ಗಂಡನತ್ತ ತಿರುಗಿದಳು.

"ನಾನೇ ಹೇಳುತ್ತೇನೆ. ಅಮ್ಮನಿಗೆ ತೋರಿಸುವ ಮೊದಲು ನಿನ್ನ ಕೋಣೆಯಲ್ಲಿ ಓಡಿಸಿ ನೋಡಿದೆ. ಆರು ಸುರುಳಿಯನ್ನು ಒಂದಕ್ಕೆ ಇಳಿಸುವವರು ಕೃಷ್ಣನನ್ನು ಇಟ್ಟುಕೊಳ್ಳುತ್ತಾರೆ, ಕುರಿ ಕಾಯುವವಳನ್ನು ಕತ್ತರಿಸುತ್ತಾರೆ. ನಿಮ್ಮಜ್ಜಿ ಅದರಲ್ಲಿ ಇಲ್ಲ. ಅಲ್ಲವೆ?"

"ಇಲ್ಲ ಸಾರ್," ಎಂದ ಕುಪ್ಪಸ್ವಾಮಿ. "ಎಷ್ಟ್ ಸಲ ಓಡ್ಸಿದೆ! ಎಲ್ಲೂ ಇಲ್ಲ. ಅವ್ವ ಆಗ್ಲೇ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ಲು. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ. ಸುಟ್ಟೋಯ್ತು ಅಂದ್ರೆ ಎರಡು ದಿನ ಅತ್ತು ಸುಮ್ಕಾಗ್ತಾಳೆ ಅನ್ಕೊಂಡೆ. ಅಜ್ಜಿ ಮುನಿದ್ಲು ಅಂತ ತಿಳ್ಕೋತಾಳೆ ಅಂತ ನಂಗೆ ಹೊಳೀಲೇ ಇಲ್ಲ."

"ಸುರುಳಿ ಎಲ್ಲಿ?"

"ಸಾಮಿ ಇರೋ ಪಡಮ್ ಅಲ್ವಾ, ಬಿಸಾಕಾಕೆ ಕೈ ಬರ್ಲಿಲ್ಲ." ಅವನು ತನ್ನ ಟಿಫನ್ ಕ್ಯಾರಿಯರಿನ ತಳದ ಡಬ್ಬಿಯಿಂದ ಅದನ್ನು ತೆಗೆದು ತಾಯಿಯ ಮಡಿಲಲ್ಲಿಟ್ಟ. ಕಾಳಿಯಮ್ಮ ಅದನ್ನು ತಡವಿದಳು.

"ಅಯ್ಯೋ ದಡ್ಡ ನನ್ಮಗನೆ," ಎಂದಳು ಮೆಲ್ಲಗೆ. "ಬಿಡು, ನೋಡನ."

ಮಟಮಟ ಮಧ್ಯಾಹ್ನದಲ್ಲೇ ಎಡೆಯ ಕೋಣೆಗೆ ಕತ್ತಲು ಮಾಡಿ ಬಿಳಿ ವೇಷ್ಟಿ ಪಂಚೆಯೊಂದನ್ನು ಪರದೆಯಾಗಿ ಕಟ್ಟಿದರು. ಪೊನ್ನುಸ್ವಾಮಿ ಮಿಷಿನ್ನು ತಿರುಗಿಸಿದ. ಹಳೆಯ ಫಿಲಮಿನ ಮಳೆಯಂಥ ಗೀರುಗಳ ನಡುವೆ ಹೊಳೆ ಬಂತು, ಕುರಿಗಳು ಬಂದವು, ಕೃಷ್ಣ ಬಂದ. ನಕ್ಕು ಬಲಕ್ಕೆ ತಿರುಗಿ ಕೈ ಚಾಚಿದ. ಚಿತ್ರ ಹಾರಿತು. ಈಗ ಅವನ ಬಾಯಿಗೆ ಬೆಣ್ಣೆ ಮೆತ್ತಿತ್ತು; ನಡುವೆ ಯಾರೂ ಇರಲಿಲ್ಲ.

"ಮತ್ತೆ ಬಿಡು," ಎಂದಳು ಕಾಳಿಯಮ್ಮ. ಎರಡನೆಯ ಸಲ ನೋಡಿ ಕೇಳಿದಳು, "ಕೈ ಚಾಚ್ಕೊಂಡು ಯಾರ್ನ ನೋಡ್ತಾ ಅವ್ನೆ ಸಾಮಿ?"

ಪೊನ್ನುಸ್ವಾಮಿ ಸುರುಳಿಯನ್ನು ಮತ್ತೆ ಸುತ್ತಿದ.

ಮೂರನೆಯ ಸಲ ಆಕೆ ಎದ್ದಳು. ಗೋಡೆ ಹಿಡಿದು ನಡೆದು ವೇಷ್ಟಿಯ ಬಲಗಡೆ, ಬೆಳಕು ಮುಗಿಯುವ ಅಂಚಿನಲ್ಲಿ ನಿಂತಳು. ಕೃಷ್ಣ ತಿರುಗಿ ಆಕೆಯತ್ತ ಕೈ ಚಾಚಿದ. ಅರೆಗುರುಡು ಕಣ್ಣುಗಳಿಂದ ಆಕೆ ಅವನ ಮುಖವನ್ನು ಹತ್ತಿರದಿಂದ, ಎವೆಯಿಕ್ಕದೆ ನೋಡಿದಳು.

"ಇಲ್ಲೇ ನಿಂತಿದ್ಲು," ಎಂದಳು.

ಸುರುಳಿ ಮುಗಿದು ಬಿಳಿ ಬೆಳಕು ಉಳಿದ ಮೇಲೂ ಆಕೆ ಅಲ್ಲಿಂದ ಕದಲಲಿಲ್ಲ. ಪೊನ್ನುಸ್ವಾಮಿ ಮಿಷಿನ್ನಿನ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಅವಳ ದನಿ ಕೇಳಿತು.

"ರಾಜಾತಿ, ಮುದ್ದೆ ಐತೇನವ್ವ?"