ಬದುಕಿದ ಕುರಿಗಳ ಸಾಕ್ಷಿ

ನಾಗಕ್ಕನ ರೊಪ್ಪದಲ್ಲಿ ಬೆಳಗಾಗುವಷ್ಟರಲ್ಲಿ ಒಂಬತ್ತು ಕುರಿ ಸತ್ತು ಬಿದ್ದಿದ್ದವು. ಹಿರಿಯೂರಿನಿಂದ ಸಬ್‌ಇನ್ಸ್‌ಪೆಕ್ಟರ್ ಈರಬಸಪ್ಪ ಬರುವ ಹೊತ್ತಿಗೆ ಹಟ್ಟಿಯವರು ತೀರ್ಪನ್ನೂ ಕೊಟ್ಟಾಗಿತ್ತು — ಪಕ್ಕದ ಹೊಲದ ಮುದ್ದಣ್ಣನೇ ವಿಷ ಹಾಕಿದವನು! ಮೇವಿನ ಜಗಳದಲ್ಲಿ, ನಿನ್ನ ಕುರಿ ಉಳಿಸೋದಿಲ್ಲ ಎಂದು ಕೂಗಾಡಿದ್ದನಂತೆ. ಬಾಯಿ ಹರಿಬಿಟ್ಟವನ ಪಾಡು ಇನ್ನೇನಾದೀತು? ಬೇವಿನ ಮರಕ್ಕೆ ಕಟ್ಟಿಹಾಕಿದ್ದರು. ಮೊದಲು ಬೆರಳು ತೋರಿಸಿದವಳು ನಾಗಕ್ಕ.

ಅವಳ ಮನೆಯ ಮುಂದಿನ ಕೋಣೆಯಲ್ಲಿ ಡಾಕ್ಟರ್ ತಿಪ್ಪೇರುದ್ರಪ್ಪ ಬಿಡಾರ ಹೂಡಿದ್ದ. ಪಿಎಚ್.ಡಿ. ಮುಗಿದರೂ ಓದು ಬಿಡದ ಆಸಾಮಿ. ಕಾಲುವೆಯ ಜೌಗಿನಲ್ಲಿ ಮೇಯ್ದ ಕುರಿಗಳ ಈಲಿಗೆ, ಅಂದರೆ ಪಿತ್ತಜನಕಾಂಗಕ್ಕೆ, ಹುಳು ಹತ್ತುತ್ತದಲ್ಲ, ಆ ರೋಗದ ಸಂಶೋಧನೆ ಅವನದು. ಕೆಟ್ಟ ಈಲಿಯ ಕೊಬ್ಬನ್ನು ಒಂದು ದ್ರಾವಕದಲ್ಲಿ ಕರಗಿಸಿ, ಬೆಂಗಳೂರಿಗೆ ಒಯ್ದು, ದೊಡ್ಡ ಆಯಸ್ಕಾಂತದ ನಡುವೆ ಇಟ್ಟರೆ, ಒಳಗೇನಾಗಿದೆಯೆಂದು ಯಂತ್ರ ಗೆರೆ ಎಳೆದು ತೋರಿಸುತ್ತದಂತೆ. ಈರಬಸಪ್ಪನಿಗೆ ಅರ್ಧ ಅರ್ಥವಾಯಿತು; ಇನ್ನರ್ಧಕ್ಕೆ ಸುಮ್ಮನೆ ತಲೆಯಾಡಿಸಿದ.

"ನಿಮ್ಮ ಸಾಮಾನೇನಾರ ಕಡಿಮಿ ಆಗೈತೇನ್ರಿ?"

"ದ್ರಾವಕ ಅರ್ಧ ಬಾಟಲಿ ಇಲ್ಲ. ಆವಿಯಾಗಿರಬೇಕು."

ಬಿರಡೆ ಬಿಗಿಯಾಗಿತ್ತು. ಆವಿಯಾಗುವುದು ಎಲ್ಲಿಂದ? ಈರಬಸಪ್ಪ ಬಾಟಲಿ ಮೂಸಿದ — ಸಿಹಿ ಘಾಟು. ರೊಪ್ಪಕ್ಕೆ ಹೋಗಿ, ಕುರಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಮೂಸಿದ. ಅದೇ ಘಾಟು.

"ಮುದ್ದಣ್ಣನ್ನ ಬಿಚ್ರಿ" ಎಂದ.

ಜನ ಗೊಣಗಿದರು. ಈರಬಸಪ್ಪನಿಗೆ ರೇಗಿತು.

"ಸತ್ತವನ್ನೇ ನೋಡ್ತಿದ್ದೀರಿ. ಬದುಕಿರೋವು ಕಾಣ್ತಿಲ್ವಾ? ಗಟ್ಟಿಮುಟ್ಟಾದ ಕುರಿ ಒಂದೂ ಸತ್ತಿಲ್ಲ. ಗದ್ದ ಊದಿ ಕಾಯಿಲೆ ಬಿದ್ದಿದ್ವಲ್ಲ, ಅವಷ್ಟೇ ಸತ್ತಾವೆ. ವಿಷ ಹಾಕೋನು ಕಾಯಿಲೆ ಕುರಿ ಆರಿಸ್ತಾನೇನ್ರಿ? ಇದು ಸಾಯ್ಸಾಕೆ ಕುಡಿಸಿದ್ದಲ್ಲ. ಉಳಿಸಾಕೆ. ನಾಗಕ್ಕಾ, ಕುಡಿಸಿದೋಳು ನೀನೇ."

ನಾಗಕ್ಕ ಮುಚ್ಚಿಡಲಿಲ್ಲ. ಕೋಣೆ ಗುಡಿಸುವಾಗ ಆ ವಾಸನೆ ಗುರುತು ಹತ್ತಿತ್ತು — ದನದ ಆಸ್ಪತ್ರೆಯಲ್ಲಿ ಈಲಿ ಹುಳುವಿಗೆ ಕೊಡುತ್ತಿದ್ದ ಔಷಧಿ. ಮೊನ್ನೆ ಸಂಜೆ ಗೊಟ್ಟದಲ್ಲಿ ಕುಡಿಸಿದ್ದಳು. ಔಷಧಿ ಕುಡಿದ ಕುರಿ ಸಾಯುವುದೆಂದರೆ? ಯಾರೋ ವಿಷ ಹಾಕಿರಲೇಬೇಕು ಅಂದುಕೊಂಡಳು. ಔಷಧಿಯೂ ಬಾಟಲಿಯ ದ್ರಾವಕವೂ ಒಂದೇ, ಕಾರ್ಬನ್ ಟೆಟ್ರಾಕ್ಲೋರೈಡ್; ಆದರೆ ಆಸ್ಪತ್ರೆಯಲ್ಲಿ ಅದನ್ನು ಹನಿ ಲೆಕ್ಕದಲ್ಲಿ ಕೊಡುತ್ತಿದ್ದರು. ಅಳತೆ ಮೀರಿದರೆ ಅದು ಈಲಿಯನ್ನೇ ತಿನ್ನುತ್ತದೆ ಎಂದು ತಿಪ್ಪೇರುದ್ರಪ್ಪ ತಗ್ಗಿದ ದನಿಯಲ್ಲಿ ಹೇಳಿದ.

ನಾಗಕ್ಕ ಮುದ್ದಣ್ಣನ ಮುಖ ನೋಡಲಾರದೆ ಡಾಕ್ಟರ ಕಡೆ ತಿರುಗಿದಳು.

"ಔಷಧಿ ನಿಮ್ಮ ಕ್ವಾಣ್ಯಾಗೇ ಇತ್ತಲ್ರಿ ಸಾಮಿ. ಕೇಳಿದ್ರೆ ಕೊಡ್ತಿದ್ರಾ?"

ತಿಪ್ಪೇರುದ್ರಪ್ಪ ಸುಳ್ಳು ಹೇಳಲಿಲ್ಲ.

"ಇಲ್ಲಮ್ಮ. ರೋಗ ಬಲಿಯೋದನ್ನೇ ನಾನು ಕಾಯ್ತಾ ಇದ್ದೆ."