ಕಿಡಿಯ ಶೆಡ್ಡಿಗೆ ಬಂದ ಗಾಳಿರಾಯ

"ಇಷ್ಟು ಚೆನ್ನಾಗಿರೋ ಗಾಡೀಲಿ ರಿಪೇರಿ ಮಾಡೋಕೆ ಏನಿದೆ ರೀ?"

ಅವನು ಅವಳ ಜೊತೆ ಆಡಿದ ಮೊದಲ ಮಾತೇ ಇದು. ಪಾಪ, ಬೇರೆ ಏನನ್ನಾದರೂ ಕೇಳಬಹುದಿತ್ತು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಕಂಕುಳಲ್ಲಿ ಬೆಡ್‌ಶೀಟು ಸುತ್ತಿದ ಉದ್ದನೆಯ ಅಲ್ಯೂಮಿನಿಯಂ ರೆಕ್ಕೆ. ಎದುರಿಗೆ ಮೂವತ್ತು ವರ್ಷ ಹಳೆಯದಾದ, ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು, ಮಿರಮಿರನೆ ಮಿಂಚುತ್ತಿತ್ತು.

ಅವಳು ವೆಲ್ಡಿಂಗ್ ಮಾಸ್ಕನ್ನು ಹಣೆಯ ಮೇಲಕ್ಕೆ ತಳ್ಳಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈಗೊಂದು ಸ್ಕ್ರೂಡ್ರೈವರ್ ಕೊಟ್ಟಳು.

"ಬಾಗಿಲ ಕೆಳಗೆ ಉದ್ದಕ್ಕೆ ಒಂದು ಪಟ್ಟಿ ಇದೆಯಲ್ಲ, ಅಲ್ಲಿ ಚುಚ್ಚಿ."

"ಬಣ್ಣ ಹಾಳಾಗುತ್ತೆ."

"ಚುಚ್ಚಿ ಅಂದೆ."

ಚುಚ್ಚಿದ. ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದರೆ ಕಂದು ಪುಡಿ ಜರ್ರನೆ ಅವನ ಶೂ ಮೇಲೆ ಸುರಿಯಿತು. ಆಗ ಅವನ ಮುಖ ನೋಡಬೇಕಿತ್ತು ನೀವು!

"ಮೇಲೆ ಲಿಪ್‌ಸ್ಟಿಕ್ಕು, ಒಳಗೆ ಬಿಸ್ಕತ್ತು," ಎಂದು ಅವಳು ಜೋರಾಗಿ ನಕ್ಕಳು. "ಇದಕ್ಕೆ ನಿಮ್ಮ ರೆಕ್ಕೆ ಕೂರಿಸಿದ್ರೆ ರೆಕ್ಕೆ ಒಂದು ದಿಕ್ಕಿಗೆ, ಗಾಡಿ ಒಂದು ದಿಕ್ಕಿಗೆ."

ಅವಳ ಎಡಗೆನ್ನೆಯ ಮೇಲೆ ಮಸಿಯ ಒಂದು ಗೀರು ಇತ್ತು. ನಕ್ಕಾಗ ಅದೂ ಬಾಗಿ ನಕ್ಕಿತು. ತುಕ್ಕಿನ ಪುಡಿ ಕೊಡವಿಕೊಳ್ಳುವುದನ್ನೂ ಮರೆತು ಅವನು ಬೆಪ್ಪನ ಹಾಗೆ ಅದನ್ನೇ ನೋಡುತ್ತ ನಿಂತ.

ಅವನು ಪಾಲಿಟೆಕ್ನಿಕ್ಕಿನ ಲೆಕ್ಚರರ್. ಓಡುವ ಗಾಡಿಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂದು ಪಾಠ ಹೇಳುವವನು, ರಜೆ ಸಿಕ್ಕರೆ ರೇಸ್ ಕಾರುಗಳ ಹಿಂಬದಿಯನ್ನು ನೆಲಕ್ಕೆ ಒತ್ತಿ ಹಿಡಿಯುವ ರೆಕ್ಕೆ ಕಟ್ಟುವವನು. ಮೂವತ್ತಾರಾಗಿದ್ದರೂ ಮನೆಯಲ್ಲಿ ಯಾರಾದರೂ ಮದುವೆಯ ಮಾತೆತ್ತಿದರೆ ಮಾರುದೂರ ಓಡುತ್ತಿದ್ದ. ಅವನನ್ನು ಇಲ್ಲಿಗೆ ಕರೆಸಿದ್ದು ಕಾರಿನ ಒಡತಿ. ಹದಿನೆಂಟು ವರ್ಷದವನಿದ್ದಾಗ ಅವನಿಗೆ ಡ್ರೈವಿಂಗ್ ಕಲಿಸಿದ ಮೇಡಂ ಆಕೆ, ವೆಲ್ಡಿಂಗ್ ಮಾಡುವವಳಿಗೆ ಸೋದರತ್ತೆ. ಶೆಡ್ಡಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುತ್ತ ಕೂತಿದ್ದರು.

"ಒಂದು ಕಾಲದಲ್ಲಿ ಇದನ್ನ ರೇಸಿಗೆ ಓಡಿಸ್ತಿದ್ದೆ ಕಣೋ," ಎಂದರು. "ವೇಗ ಹೆಚ್ಚಾದ್ರೆ ಹಿಂದುಗಡೆ ಎದ್ದುಬಿಡೋದು. ಟ್ರ್ಯಾಕಿನ ದೊಡ್ಡ ತಿರುವಿನಲ್ಲಿ ಒಂದ್ಸಲ ಬುಗುರಿ ತರ ತಿರುಗಿದೆ. ಅವತ್ತು ಇಳಿದವಳು ಮತ್ತೆ ಹತ್ತಲಿಲ್ಲ. ಇನ್ನು ಎಂಟು ವಾರಕ್ಕೆ ಅಲ್ಲಿ ಹಳೇ ಕಾರುಗಳ ದಿನ ಇದೆ. ಅದರ ಮರುವಾರ ನನ್ನ ಮಂಡಿ ಆಪರೇಷನ್. ಕತ್ತರಿಸೋ ಮುಂಚೆ ಆ ತಿರುವನ್ನ ಒಂದ್ಸಲ ಸರಿಯಾಗಿ ದಾಟ್ಬೇಕು."

"ಕತ್ತರಿಸಲ್ಲ ಅತ್ತೆ, ರಿಪೇರಿ ಮಾಡ್ತಾರೆ," ಎಂದಳು ಸೋದರ ಸೊಸೆ.

"ನೀನು ಈ ಗಾಡಿಗೆ ಮಾಡೋದೂ ರಿಪೇರಿನೇ ತಾನೇ? ಅರ್ಧ ಕತ್ತರಿಸಿ ಹಾಕ್ತೀನಿ ಅಂತಿದ್ದೀಯ!"

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಕಿಡಿ ಎನ್ನುತ್ತಿದ್ದರು. ಕೆಲಸಕ್ಕೂ ಒಪ್ಪುವ ಹೆಸರು, ಮೂಗಿನ ತುದಿಯ ಸಿಟ್ಟಿಗೂ ಒಪ್ಪುವ ಹೆಸರು. ಮೂರನೆಯ ದಿನಕ್ಕೆ ಅವಳು ಅವನಿಗೂ ಒಂದು ಹೆಸರಿಟ್ಟಳು, ಗಾಳಿರಾಯ.

ಅವಳ ಕೆಲಸ ನೋಡುವುದೇ ಒಂದು ಭಾಗ್ಯ. ಸಣ್ಣ ಸುತ್ತಿಗೆಯಿಂದ ಕಾರಿನ ಮೈಯೆಲ್ಲ ತಟ್ಟುತ್ತ ಹೋಗುವಳು. ಗಟ್ಟಿ ಇದ್ದ ಕಡೆ ಠಣ್ ಎನ್ನುವುದು, ಕೊಳೆತ ಕಡೆ ದೊಬ್ ಎನ್ನುವುದು. ದೊಬ್ ಎಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕುವಳು. ಕೊಳೆತದ್ದನ್ನು ಕತ್ತರಿಸಿ, ರಟ್ಟಿನಲ್ಲಿ ಅಳತೆ ತೆಗೆದು, ಹೊಸ ತಗಡನ್ನು ಕಬ್ಬಿಣದ ಪೈಪಿನ ಮೇಲಿಟ್ಟು ಬಗ್ಗಿಸುವಳು. ತಗಡು ಬಿಸಿಗೆ ಸೊಟ್ಟಗಾಗಬಾರದೆಂದು ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಎಂದು ವೆಲ್ಡ್ ಮಾಡುವಳು. ಉಜ್ಜಿ ಮುಗಿಸಿದ ಮೇಲೆ ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಬೆರಳಿಗೂ ಗೊತ್ತಾಗುತ್ತಿರಲಿಲ್ಲ. ಅವನು ಲೈಟ್ ಹಿಡಿದು ನಿಲ್ಲುತ್ತಿದ್ದ.

"ದೂರ ನಿಲ್ಲಿ, ಮೈ ಮೇಲೆ ಕಿಡಿ ಹಾರುತ್ತೆ."

"ಪರವಾಗಿಲ್ಲ."

ಅವನ ನೀಲಿ ಶರಟಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಏಳು ತೂತುಗಳಾದವು. ಅಮ್ಮ ಒರೆಸುವ ಬಟ್ಟೆಗೆ ಹಾಕುತ್ತೇನೆಂದಾಗ ಅವನು ಕಸಿದುಕೊಂಡು ಬೀರುವಿನಲ್ಲಿಟ್ಟ.

ನಿಜ ಹೇಳಬೇಕೆಂದರೆ ರೆಕ್ಕೆಯದು ಎರಡು ದಿನದ ಕೆಲಸ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ರೆಕ್ಕೆ ಕೂರಿಸಿಬಿಟ್ಟರೆ ಶೆಡ್ಡಿಗೆ ಬರಲು ನೆಪವಿಲ್ಲ, ಅದೂ ಗೊತ್ತಿತ್ತು. ಅದಕ್ಕೇ ಇವತ್ತು ಅಳತೆ, ನಾಳೆ ಮರುಅಳತೆ, ನಾಡಿದ್ದು ಅಳತೆ ಪಟ್ಟಿಯೇ ಸರಿಯಿಲ್ಲ ಎಂದು ದಿನ ತಳ್ಳುತ್ತಿದ್ದ. ಆ ಹಳೇ ಕಾರುಗಳ ಭಾನುವಾರ ಬಂದುಬಿಡುತ್ತದಲ್ಲ ಎಂದು ಒಳಗೊಳಗೇ ಹೆದರುತ್ತಿದ್ದ.

ಒಂದು ದಿನ ಧೈರ್ಯ ಮಾಡಿ ಹೇಳಿದ, "ಡಿಕ್ಕಿ ಮುಚ್ಚಳಕ್ಕೆ ನಾಲ್ಕು ತೂತು ಕೊರೀಬೇಕು. ರೆಕ್ಕೆ ಕಾಲು ಕೂರಿಸೋಕೆ."

ಅವಳು ಸುತ್ತಿಗೆ ಕೆಳಗಿಟ್ಟಳು. "ಗಾಳಿರಾಯರೇ, ನಾನು ಒಂದು ತಿಂಗಳಿಂದ ತೂತು ಮುಚ್ತಾ ಇದ್ದೀನಿ. ನೀವು ಕೊರೀತೀನಿ ಅಂತೀರಾ? ತೂತು ಅಂದ್ರೆ ತುಕ್ಕಿಗೆ ಬಾಗಿಲು ತೆಗೆದ ಹಾಗೆ. ನನ್ನ ತಗಡಿಗೆ ಒಂದೂ ತೂತು ಬೀಳಕೂಡದು!"

ಅವನು ಮನೆಗೆ ಹೋಗಿ ರಟ್ಟಿನಲ್ಲಿ ಒಂಬತ್ತು ನಮೂನೆ ಕತ್ತರಿಸಿದ. ನಾಲ್ಕನೆಯ ದಿನ ತಂದ ಬ್ರಾಕೆಟ್ಟು, ಡಿಕ್ಕಿ ಮುಚ್ಚಳದ ಕೀಲುಗಳಲ್ಲಿ ಮೊದಲೇ ಇದ್ದ ಬೋಲ್ಟುಗಳನ್ನೇ ಹಿಡಿದು ಕೂರುವಂಥದ್ದು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಂಚಿನ ಮೇಲೆ ಬೆರಳಾಡಿಸಿದಳು.

"ಅಂಚೆಲ್ಲ ಉಜ್ಜಿದ್ದೀರಾ?"

"ಕೂರಿಸೋವಾಗ ನಿಮ್ಮ ಕೈ ಕುಯ್ದೀತು ಅಂತ."

ಅವಳು ಬ್ರಾಕೆಟ್ಟಿನ ಮೇಲೇ ಬಗ್ಗಿದಳು. ಆದರೆ ಕಿವಿಯ ತುದಿ ಕಾರಿನ ಬಣ್ಣಕ್ಕೆ ತಿರುಗಿದ್ದನ್ನು ಅವನು ಕಂಡ. ಮೂಲೆಯಲ್ಲಿ ಅತ್ತೆ ಹೆಣಿಗೆಯ ಲೆಕ್ಕ ತಪ್ಪಿ, ಒಂದು ಸಾಲು ಬಿಚ್ಚಿ ಮತ್ತೆ ಶುರು ಮಾಡಿದರು.

ಗಾಳಿಯನ್ನು ಕಣ್ಣಿಗೆ ಕಾಣಿಸುವ ಉಪಾಯ ಅವನ ಬಳಿ ಇತ್ತು. ಅತ್ತೆಯ ಉಣ್ಣೆಯ ದಾರವನ್ನು ಬೆರಳುದ್ದಕ್ಕೆ ಕತ್ತರಿಸಿ, ಕಾರಿನ ಚಾವಣಿ, ಹಿಂಬದಿ ಎಲ್ಲ ಕಡೆ ಟೇಪು ಹಾಕಿ ಅಂಟಿಸಿದ. ದಾರ ಮೈಗಂಟಿ ಮಲಗಿದ್ದರೆ ಗಾಳಿ ಸರಿಯಾಗಿ ಹರಿಯುತ್ತಿದೆ ಎಂದರ್ಥ, ಕುಣಿದರೆ ಅಲ್ಲಿ ಹಿಡಿತ ತಪ್ಪಿದೆ ಎಂದರ್ಥ. ಗೋದಾಮುಗಳಾಚೆಯ ಖಾಲಿ ರಸ್ತೆಯಲ್ಲಿ ಕಿಡಿ ಕೆಂಪು ಕಾರು ಓಡಿಸಿದಳು. ಪಕ್ಕದಲ್ಲೇ ಇನ್ನೊಂದು ಕಾರು ಓಡಿಸುತ್ತ ಅತ್ತೆ, ಅತ್ತೆಯ ಪಕ್ಕ ನೋಟ್‌ಬುಕ್ ಹಿಡಿದ ಗಾಳಿರಾಯ. ಕಿಡಿಯ ಜಡೆ ಬಿಚ್ಚಿಕೊಂಡು ಕೂದಲು ಕಿಟಕಿಯಿಂದಾಚೆ ಹಾರುತ್ತಿತ್ತು. ಒಮ್ಮೆ ಇತ್ತ ತಿರುಗಿ ಹುಬ್ಬು ಹಾರಿಸಿ, ಹೇಗಿದೆ ಎಂದು ಸನ್ನೆಯಲ್ಲೇ ಕೇಳಿದಳು.

"ಎಷ್ಟು ದಾರ ಕುಣೀತಿದೆ?" ಎಂದರು ಅತ್ತೆ.

"ಯಾವ ದಾರ ಮೇಡಂ?"

"ಅಯ್ಯೋ ದೇವರೇ! ಕಾರಿನ ಮೇಲಿನ ದಾರ ಕಣೋ. ಕಾರಿನ ಒಳಗೆ ನೋಡಕ್ಕೆ ನಿನ್ನನ್ನ ಕೂರಿಸ್ಕೊಂಡಿಲ್ಲ!"

ಭಾನುವಾರಕ್ಕೆ ಒಂದು ವಾರ ಉಳಿದಾಗ ಎಡವಟ್ಟಾಯಿತು. ಕಾರಿನ ಹೊಟ್ಟೆಯಡಿ ಗಾಳಿ ನುಣ್ಣಗೆ ಹಾಯಲಿ ಎಂದು ಅವನು ಸಪಾಟಾದ ಹಲಗೆಯೊಂದನ್ನು ಕೂರಿಸುತ್ತಿದ್ದ. ಕಿಡಿ ಬಣ್ಣ ತರಲು ಹೋಗಿದ್ದಳು. ಅವಳು ಹೊಸದಾಗಿ ಮಾಡಿದ ಬಾಗಿಲಡಿಯ ಪಟ್ಟಿಗಳ ತಳದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು ಕಂಡವು, ಒಂದೊಂದು ಬದಿಗೆ ಹನ್ನೊಂದು. ಪಾಪ, ಸುಸ್ತಾಗಿ ಮರೆತಿದ್ದಾಳೆ ಎಂದುಕೊಂಡ. ತೂತು ಕಂಡರಾಗದವಳಿಗೆ ತಾನೇ ಮುಚ್ಚಿ ಖುಷಿಪಡಿಸೋಣ ಎಂದು ಇಪ್ಪತ್ತೆರಡಕ್ಕೂ ರಬ್ಬರ್ ಬಿರಡೆ ಹಾಕಿ, ಮೇಲೆ ಗಮ್ಮು ಬಳಿದು, ನುಣ್ಣಗೆ ಉಜ್ಜಿ, ಅದರ ಮೇಲೆ ಹಲಗೆ ಬಿಗಿದ. ಪ್ರೀತಿ ತಲೆಗೇರಿದರೆ ಓದಿದವನೂ ಹೀಗೇ.

ಸಂಜೆ ಕಿಡಿ ಪೈಪು ಹಿಡಿದು ಕಾರು ತೊಳೆದಳು. ಆಮೇಲೆ ಒಳಗೆ ತರಲೆಂದು ಹತ್ತಡಿ ಓಡಿಸಿ ಬ್ರೇಕ್ ಒತ್ತಿದಳಷ್ಟೇ. ಬಾಗಿಲಡಿಯಿಂದ ಗುಳುಗುಳು ಸದ್ದು ಬಂತು.

"ತಳದಲ್ಲಿ ತೂತುಗಳಿದ್ವಲ್ಲ..." ಎನ್ನುತ್ತ ಕಿಡಿ ಇಳಿದು ಬಂದಳು.

"ನಾನೇ ಮುಚ್ಚಿದೆ. ನೀವು ತೂತು ಅಂದ್ರೆ ತುಕ್ಕಿಗೆ ಬಾಗಿಲು ಅಂದಿದ್ರಲ್ಲ, ಅದಕ್ಕೇ..."

"ಅದು ನೀರು ಇಳಿಯೋ ದಾರಿ ರೀ! ಒಳಗೆ ಹೋದ ನೀರು ಹೊರಗೆ ಬರಬೇಡ್ವಾ? ಹಿಂದೆ ಆ ದಾರಿಗೆ ಕೆಸರು ಕಟ್ಟಿದ್ದಕ್ಕೇ ಇಷ್ಟೆಲ್ಲ ಕೊಳೆತಿದ್ದು." ಅವಳು ಬಾಗಿಲಡಿಯ ಪಟ್ಟಿಯ ಮೇಲೆ ಕೈಯಿಟ್ಟಳು. "ಏಳು ವಾರದ ಕೆಲಸ. ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ಕಣ್ಣಲ್ಲಿ ನೀರು ಕಂಡು ಅವನಿಗೆ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

"ರೆಕ್ಕೆ ಕೂರಿಸಿ ಆಯ್ತಲ್ಲ. ನಾಳೆಯಿಂದ ಬರ್ಬೇಡಿ," ಎಂದು ಅವಳು ಮುಖ ತಿರುಗಿಸಿದಳು. ಅವನು ಹೆದರಿದ್ದ ದಿನ ಒಂದು ವಾರ ಮೊದಲೇ ಬಂದುಬಿಟ್ಟಿತು.

ಮರುದಿನ ಬೆಳಿಗ್ಗೆ ಅವಳು ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಹಲಗೆ ಬಿಚ್ಚಿ ಗೋಡೆಗೆ ಒರಗಿಸಿತ್ತು. ಟೀ ಲೋಟದಲ್ಲಿ ಇಪ್ಪತ್ತೆರಡು ಬಿರಡೆಗಳು. ಅವನು ಕಾರಿನಡಿ ಅಂಗಾತ ಮಲಗಿ, ಅತ್ತೆಯ ಹೇರ್ ಡ್ರೈಯರ್ ಹಿಡಿದು ಒಂದೊಂದು ತೂತಿಗೂ ಬಿಸಿಗಾಳಿ ಬಿಡುತ್ತಿದ್ದ. ತಲೆಗೂದಲಿಗೆಲ್ಲ ಗಮ್ಮು ಮೆತ್ತಿತ್ತು.

"ಬರ್ಬೇಡಿ ಅಂದಿದ್ದೆ."

"ಬಂದಿಲ್ಲ ಅಂದ್ಕೊಳ್ಳಿ. ಒಣಗಿಸಿಬಿಟ್ಟು ಹೋಗ್ತೀನಿ."

"ಬೀಗದ ಕೈ ಕೊಟ್ಟಿದ್ದು ಯಾರು?"

"ನಾನೇ ಕಣೇ," ಎಂದು ಮೂಲೆಯ ಕುರ್ಚಿಯಿಂದ ಉತ್ತರ ಬಂತು.

ಕಿಡಿ ಸೊಂಟದ ಮೇಲೆ ಕೈಯಿಟ್ಟು ಮೂಲೆಯ ಕಡೆ ಕಣ್ಣು ಬಿಟ್ಟಳು. ಆಮೇಲೆ ಅವನ ಪಕ್ಕದಲ್ಲೇ ನೆಲಕ್ಕೆ ಮಲಗಿ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದಳು. ತಗಡು ಬೆಳ್ಳಗೆ, ಚೊಕ್ಕಟವಾಗಿತ್ತು. ಅವಳು ಟಾರ್ಚ್ ಆರಿಸಿದಳು.

"ಒಂದು ದಿನದ ನೀರಿಗೆ ಏನೂ ಆಗಿಲ್ಲ. ನಾನೇ ಜಾಸ್ತಿ ಮಾತಾಡಿಬಿಟ್ಟೆ."

"ಇಲ್ಲ, ತಪ್ಪು ನನ್ನದೇ. ಹಲಗೇಲಿ ಪ್ರತಿ ತೂತಿನ ಎದುರಿಗೆ ಒಂದೊಂದು ಸೀಳು ಬಿಟ್ಟಿದ್ದೀನಿ, ನೋಡಿ. ಗಾಡಿ ಓಡ್ತಿದ್ರೆ ಗಾಳೀನೇ ನೀರನ್ನ ಹೊರಗೆ ಎಳ್ಕೊಂಡು ಹೋಗುತ್ತೆ."

ಅವಳು ಎದ್ದು ಹಲಗೆಯನ್ನು ಬೆಳಕಿಗೆ ಹಿಡಿದು ಒಂದೊಂದು ಸೀಳನ್ನೂ ನೋಡಿದಳು. "ಇದು ನನಗೆ ಹೊಳೆದೇ ಇರಲಿಲ್ಲ," ಎಂದಳು. ಹಾಗೆ ಒಪ್ಪಿಕೊಳ್ಳುವ ಜಾತಿಯವಳಲ್ಲ ಅವಳು. ಅವನಿಗೆ ಆಕಾಶಕ್ಕೆ ಮೂರೇ ಗೇಣು.

ಭಾನುವಾರ ಬಂದೇ ಬಂತು. ಟ್ರ್ಯಾಕಿನ ತಪಾಸಣೆಯವರು ಕಾರಿನಡಿ ನುಸುಳಿ ಬಡಿದು, ತಟ್ಟಿ, ಹೊರಗೆ ಬಂದು, "ಈ ತಗಡಿನ ಕೆಲಸ ಮಾಡಿದ್ದು ಯಾರು?" ಎಂದು ಕೇಳಿ ಅವಳ ಕೈ ಕುಲುಕಿದರು. ಗಾಳಿರಾಯ ತನ್ನನ್ನೇ ಹೊಗಳಿದಷ್ಟು ಬೀಗಿದ.

ಅತ್ತೆ ಹೆಲ್ಮೆಟ್ ತೊಟ್ಟು ಹೊರಟರು. ಮೊದಲ ಸುತ್ತು ಹುಷಾರಾಗಿ, ಎರಡನೆಯದು ಸ್ವಲ್ಪ ಜೋರಾಗಿ. ಮೂರನೆಯ ಸುತ್ತಿಗೆ ಎಂಜಿನ್ನಿನ ಸದ್ದೇ ಬದಲಾಯಿತು. ದೊಡ್ಡ ತಿರುವು ಬಂದಾಗ ಕಿಡಿ ಗಬಕ್ಕನೆ ಅವನ ಕೈ ಹಿಡಿದಳು. ಕೆಂಪು ಕಾರು ವಾಲಿತು, ಹಿಂಬದಿ ಒಂದಿಂಚೂ ಏಳದೆ ನೆಲ ಕಚ್ಚಿಕೊಂಡು, ಗೆರೆ ಎಳೆದ ಹಾಗೆ ತಿರುವು ದಾಟಿತು.

"ದಾಟಿದ್ರು!" ಎಂದು ಕಿಡಿ ಕುಣಿದಳು. ಕೈ ಮಾತ್ರ ಬಿಡಲಿಲ್ಲ.

ಅವನಿಗೆ ಖುಷಿಯೂ ಸಂಕಟವೂ ಒಟ್ಟಿಗೇ ಉಕ್ಕಿ ಬಂದವು. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

"ಗಾಡಿ ಮುಗೀತು," ಎಂದ. "ನಾಳೆಯಿಂದ ಶೆಡ್ಡಿಗೆ ಬರೋಕೆ ನನಗೆ ಕಾರಣ ಇಲ್ಲ. ಇದ್ದ ಕಾರಣಾನೂ ಸುಳ್ಳು. ಎರಡು ದಿನದ ರೆಕ್ಕೇನ ಎರಡು ತಿಂಗಳು ಎಳೆದೆ. ನಿಮ್ಮನ್ನ ನೋಡದೇ ಒಂದು ದಿನಾನೂ ಇರೋಕಾಗಲ್ಲ ನನಗೆ. ನೀವಂದ್ರೆ ಅಷ್ಟು ಇಷ್ಟ."

"ರೆಕ್ಕೆ ವಿಷಯ ಗೊತ್ತು."

"ಗೊತ್ತಿತ್ತಾ?"

"ಅಳತೆ ಪಟ್ಟಿ ಸರಿಯಿಲ್ಲ ಅಂದ್ರಲ್ಲ, ಅವತ್ತೇ." ಅವಳು ಟ್ರ್ಯಾಕಿನ ಕಡೆಯೇ ನೋಡುತ್ತಿದ್ದಳು. ಕಿವಿ ಕೆಂಪಾಗಿತ್ತು. "ಎಡಗಡೆ ಬಾಗಿಲಡಿ ಪಟ್ಟೀನ ನಾನು ಎರಡು ಸಲ ಕತ್ತರಿಸಿ ಮತ್ತೆ ಕೂರಿಸಿದೆ, ನೆನಪಿದೆಯಾ?"

"ಹೌದು, ಸೊಟ್ಟ ಆಗಿದೆ ಅಂದ್ರಿ."

"ಸೊಟ್ಟ ಆಗಿರಲಿಲ್ಲ. ಮೊದಲ ಸಲವೇ ಸರಿಯಾಗಿತ್ತು."

ಅವನು ಪೂರ್ತಿ ಅವಳ ಕಡೆಗೆ ತಿರುಗಿದ. ಅವಳ ಬೆರಳುಗಳು ಅವನ ಬೆರಳುಗಳ ನಡುವೆ ಬಿಗಿಯಾಗಿ ಕೂತವು.

ಅಷ್ಟರಲ್ಲಿ ಕೆಂಪು ಕಾರು ಬಂದು ಅವರೆದುರಿಗೇ ನಿಂತಿತು. ಅತ್ತೆ ಹೆಲ್ಮೆಟ್ ತೆಗೆದರು. ಕಣ್ಣು ಒದ್ದೆ, ಮುಖದ ತುಂಬ ನಗು. ಏನೋ ಹೇಳಲು ಬಾಯಿ ತೆರೆದವರು ಇಬ್ಬರ ಕೈಗಳನ್ನು ನೋಡಿದರು, ಮುಖಗಳನ್ನು ನೋಡಿದರು. ಹೇಳಬೇಕೆಂದಿದ್ದ ಮಾತನ್ನು ಅಲ್ಲೇ ನುಂಗಿಕೊಂಡು ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡರು.

"ಇನ್ನೊಂದೆರಡು ಸುತ್ತು ಹೋಗಿಬರ್ತೀನಿ," ಎಂದು ಗೇರ್ ಹಾಕಿದರು. "ನೀವು ಅವಸರ ಮಾಡ್ಕೋಬೇಡಿ."